ಎಂಟನೆಯ ನಡೆಯ ಕೋಟೆ

ಮೂವತ್ತು ವರ್ಷ ಸೀಟಿ ಊದಿ ನಿವೃತ್ತನಾದ ದೈಹಿಕ ಶಿಕ್ಷಕ ನಾನು. ಮೊದಲು ಇಟ್ಟಿಗಿ, ಆಮೇಲೆ ತೆಲಿಗಿ, ಕೊನೆಗೆ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆಯ ಒಂದು ಪ್ರೌಢಶಾಲೆ. ಊರು ಬದಲಾದವು, ಸೀಟಿ ಬದಲಾದವು, ಬಿಸಿಲು ಮಾತ್ರ ಎಲ್ಲ ಕಡೆ ಅದೇ. ಈಗ ಕೊಟ್ಟೂರಿನ ಮನೆಯಲ್ಲಿ ನೆರಳಿಗೆ ಕೂತಿದ್ದೇನೆ. ಹೊಸದಾಗಿ ನೇಮಕವಾದ ಹುಡುಗರು ಆಗಾಗ ಬಂದು ಮಾತಾಡಿಸುತ್ತಾರೆ. ಖೋಖೋ ಕಂಬ ಎಷ್ಟು ಆಳ ಹೂಳಬೇಕು, ಓಟದಲ್ಲಿ ಮಕ್ಕಳು ತಲೆಸುತ್ತಿ ಬಿದ್ದರೆ ಏನು ಮಾಡಬೇಕು, ತಾಲ್ಲೂಕು ಕ್ರೀಡಾಕೂಟದಲ್ಲಿ ಕಬಡ್ಡಿ ಜಗಳ ಹತ್ತಿದರೆ ಎಲ್ಲಿ ಹೋಗಿ ನಿಲ್ಲಬೇಕು ಎಂದೆಲ್ಲ ಕೇಳುತ್ತಾರೆ. ಕೊನೆಯದಕ್ಕೆ ನನ್ನ ಉತ್ತರ, ಪೊಲೀಸ್ ಜೀಪಿನ ಹತ್ತಿರ. ಚೆಸ್ಸಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಕೂತು ಆಡುವ ಆಟ, ಅದರಲ್ಲಿ ಪಿ.ಟಿ. ಮೇಷ್ಟ್ರಿಗೆ ಏನು ಕೆಲಸ ಎಂದುಕೊಂಡಿರಬೇಕು. ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಕೂತು ಆಡುವ ಆಟದಲ್ಲೇ ಆಯಿತು. ಅದನ್ನು ಬರೆದಿಡೋಣ ಅಂತ ಈ ಬರಹ.

ತೊಂಬತ್ತರ ದಶಕದ ಆರಂಭದಲ್ಲಿ ಶಾಲಾ ಆಟಗಳ ಪಟ್ಟಿಯಲ್ಲಿ ಚೆಸ್ ಇತ್ತೇ ಹೊರತು ಆಡಿಸುವವರು ಇರಲಿಲ್ಲ. ಇಟ್ಟಿಗಿಯಲ್ಲಿ ನನ್ನ ಮೊದಲ ಹೆಡ್ ಮಾಸ್ತರು ಒಂದು ಬೆಳಿಗ್ಗೆ ಕರೆದು ಒಂದು ಡಬ್ಬಿ ಕೈಗಿಟ್ಟರು.

"ಪಿ.ಟಿ. ಸಾರ್, ಇದು ಚೆಸ್ ಬಂದೈತಿ ನೋಡ್ರಿ. ನಿಮ್ಮ ಸಾಮಾನಿನಾಗ ಇಟ್ಕೊಳ್ರಿ."

"ನನಗ ಬರಂಗಿಲ್ರಿ ಸಾರ್ ಇದು."

"ಬರಾಕ ಏನೈತ್ರಿ? ಮಕ್ಕಳನ್ನ ಎದುರುಬದುರು ಕೂಡಿಸ್ರಿ. ಗದ್ಲ ಇರಂಗಿಲ್ಲ, ಧೂಳ ಇರಂಗಿಲ್ಲ."

ಅವರ ಲೆಕ್ಕದಲ್ಲಿ ಚೆಸ್ಸಿನ ಗುಣ ಅಷ್ಟೇ, ಗದ್ದಲವಿಲ್ಲ. ನಾನು ಡಬ್ಬಿಯನ್ನು ಗುಂಡು ಎಸೆತದ ಗುಂಡಿನ ಪಕ್ಕ ಇಟ್ಟೆ. ಮುಂದೆ ಹೊಸಪೇಟೆಯಲ್ಲಿ ನಮ್ಮಂಥವರಿಗೆಲ್ಲ ಕೆಲವು ದಿನದ ತರಬೇತಿ ಕೊಟ್ಟರು. ನಾನು ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಬಂದೆ. ಅದರಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ಒಂದು ಸಾಲು ಇತ್ತು: ಎಂಟನೆಯ ನಡೆಯೊಳಗೆ ರಾಜ ಕೋಟೆಯಲ್ಲಿರಬೇಕು. ಕೋಟೆ ಕಟ್ಟುವುದೆಂದರೆ ರಾಜನನ್ನು ಪಟದ ನಡುವಿನಿಂದ ಒಂದು ಬದಿಗೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತಂದು, ಮುಂದೆ ಮೂರು ಸಿಪಾಯಿಗಳ ಗೋಡೆಯ ಹಿಂದೆ ಕೂಡಿಸುವುದು. ನಾನು ಡ್ರಿಲ್ ಮೇಷ್ಟ್ರು. ಒಂದು ಸಾಲು ಸಿಕ್ಕರೆ ಅದನ್ನೂ ಡ್ರಿಲ್ ಮಾಡಿಬಿಡುತ್ತೇನೆ. ಮಕ್ಕಳು ಪಟ ಹಾಸುವ ಮೊದಲು "ಎಂಟರೊಳಗ ಕೋಟಿ" ಎಂದು ಒಟ್ಟಿಗೆ ಹೇಳಬೇಕಿತ್ತು. ಕೇಳಲು ಚೆನ್ನಾಗಿತ್ತು. ಅರ್ಥ ಅವರಿಗೂ ಗೊತ್ತಿರಲಿಲ್ಲ, ನನಗೂ ಪೂರ್ತಿ ಗೊತ್ತಿರಲಿಲ್ಲ.

ಕಷ್ಟ ಏನೆಂದರೆ ನಮ್ಮ ಮಕ್ಕಳು ಆಟ ಗೊತ್ತಿಲ್ಲದೆ ಬರುತ್ತಿರಲಿಲ್ಲ. ಇನ್ನೊಂದು ಆಟ ಗೊತ್ತಿದ್ದು ಬರುತ್ತಿದ್ದರು. ನಮ್ಮ ಕಡೆ ಕಟ್ಟೆಗಳ ಮೇಲೆ ಹಿರಿಯರು ಆಡುವ ಚದುರಂಗಕ್ಕೆ ಬೇರೆ ಕಾಯಿದೆ. ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯುತ್ತಾನೆ. ಕೋಟೆ ಎಂಬುದು ಇಲ್ಲವೇ ಇಲ್ಲ. ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕು ಇರುತ್ತದೆ. ಜಿಗಿಯುವ ಮೊದಲು ಎದುರಿನವನು ಒಂದು ಚೆಕ್ ಕೊಟ್ಟನೋ, ಆ ಹಕ್ಕು ಹೋಯಿತು.

ತೆಲಿಗಿಯಲ್ಲಿದ್ದಾಗ ಹರಪನಹಳ್ಳಿಯ ತಾಲ್ಲೂಕು ಮಟ್ಟಕ್ಕೆ ಮಂಜುನಾಥ ಎಂಬ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಆಟ ಚೆನ್ನಾಗಿಯೇ ನಡೆದಿತ್ತು. ಎದುರಿನವನ ಮಂತ್ರಿ, ಕುದುರೆ ಎರಡೂ ಅವನ ರಾಜನ ಕಡೆ ನುಗ್ಗಿದವು. ಮಂಜುನಾಥ ಸ್ವಲ್ಪವೂ ಹೆದರದೆ ರಾಜನನ್ನು ಎತ್ತಿ, ತನ್ನದೇ ಸಿಪಾಯಿಯ ತಲೆಯ ಮೇಲಿಂದ ಹಾರಿಸಿ ಆಚೆ ಮನೆಯಲ್ಲಿ ಇಟ್ಟ. ತೀರ್ಪುಗಾರರು ಓಡಿ ಬಂದರು.

"ಏ, ರಾಜ ಎಲ್ಲಿಗೆ ಹೊಂಟನಪ್ಪಾ?"

"ಜಿಗಿದಾನ್ರಿ ಸಾರ್. ಇನ್ನೂ ಒಂದು ಚೆಕ್ಕೂ ಆಗಿಲ್ಲ, ಬೇಕಾದ್ರೆ ಅವನ್ನೇ ಕೇಳ್ರಿ."

ಇಡೀ ಕೋಣೆ ನಕ್ಕಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮ ಇದೆಯಲ್ಲ, ರಾಜನನ್ನು ಮುಟ್ಟಿದ್ದಕ್ಕೆ ರಾಜನನ್ನೇ ಒಂದು ಮನೆ ಸರಿಸಬೇಕಾಯಿತು, ಅಲ್ಲೇ ಆಟ ಮುಗಿಯಿತು. ಹುಡುಗನಿಗೆ ಅಳು, ನನಗೆ ಅವಮಾನ. ಉಳಿದ ಮೇಷ್ಟ್ರುಗಳು ಚಹಾ ಕುಡಿಯುತ್ತ "ನಿಮ್ಮ ರಾಜ ಎಲ್ಲಿಗೆ ಬಂದಾನ್ರಿ?" ಎಂದು ಸಂಜೆಯವರೆಗೂ ಕಾಡಿದರು. ಅಂದಿನಿಂದ ನಾನು ಮಕ್ಕಳಿಗೆ ಹೇಳುತ್ತಿದ್ದೆ, ಮನೆಯಲ್ಲಿ ಕಲಿತ ಆಟವನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಒಳಗೆ ಬರ್ರಿ ಅಂತ. ಹಳ್ಳಿ ಆಟ ಎಂದು ಅದಕ್ಕೊಂದು ಹೆಸರನ್ನೂ ಇಟ್ಟೆ. ಹೇಳುವಾಗ ಮುಖ ಸ್ವಲ್ಪ ಸಿಂಡರಿಸುತ್ತಿದ್ದೆ ಎಂಬುದೂ ನೆನಪಿದೆ.

ಆಡಿಸುವ ರೀತಿಯೂ ಆಗ ಒರಟೇ. ಗಡಿಯಾರ ಇರಲಿಲ್ಲ. ತೀರ್ಪುಗಾರರು ತಮ್ಮ ಕೈಗಡಿಯಾರ ನೋಡಿಕೊಂಡು "ಸಾಕು, ನಿಲ್ಲಿಸ್ರಿ" ಎಂದಾಗ ಆಟ ನಿಲ್ಲಬೇಕು. ಮುಗಿಯದಿದ್ದರೆ ಉಳಿದ ಕಾಯಿ ಎಣಿಸಿ ಹೆಚ್ಚಿದ್ದವರು ಗೆದ್ದರು ಎನ್ನುವುದು. ಇದರಿಂದ ಮಕ್ಕಳಿಗೆ ಒಂದು ಚಟ ಹತ್ತಿತು. ಪುಕ್ಕಟೆ ಕಾಯಿ ಕಂಡರೆ ತಿನ್ನುವುದು. ಎದುರಿನವನು ಯಾಕೆ ಕೊಟ್ಟ ಎಂದು ಕೇಳುವ ಪದ್ಧತಿಯೇ ಇಲ್ಲ. ನಾನೂ ಅದನ್ನೇ ಹೇಳಿಕೊಡುತ್ತಿದ್ದೆ. ಎರಡು ಗುಂಡಿಯ ಚೆಸ್ ಗಡಿಯಾರ ನಮ್ಮ ಕಡೆ ಬಂದದ್ದು ದಶಕದ ಕೊನೆಗೆ. ಅದು ಬಂದ ಮೇಲೆ ಕಾಯಿ ಎಣಿಸುವುದು ನಿಂತಿತು, ಮಕ್ಕಳ ಚಟ ನಿಲ್ಲಲಿಲ್ಲ.

ಹೊಸಹಳ್ಳಿ ಕಡೆಗೆ ವರ್ಗವಾಗಿ ಬಂದ ಮೇಲೆ ಕೊಟ್ರಮ್ಮ ಸಿಕ್ಕಳು. ಒಂಬತ್ತನೆಯ ತರಗತಿ, ಎರಡು ಜಡೆ, ಮಾತು ಕಡಿಮೆ. ಅವಳ ತಂದೆ ಚನ್ನಬಸಪ್ಪ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಗೆ ಬೇಕಾದ ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿದ್ದ ಕಾಲ ಅದು. ಕರೆಂಟು ಹೋದಾಗೆಲ್ಲ ತಂದೆ ಮಗಳು ಗಿರಣಿಯ ಕಡಪ ಕಲ್ಲಿನ ಮೇಲೆ ಗೆರೆ ಎಳೆದ ಪಟದಲ್ಲಿ ಆಡುತ್ತಿದ್ದರು. ಹಾಗಾಗಿ ಆ ಹುಡುಗಿ ಸಾವಿರಾರು ಆಟ ಆಡಿಬಿಟ್ಟಿದ್ದಳು, ಎಲ್ಲವೂ ಕಟ್ಟೆಯ ಕಾಯಿದೆಯಲ್ಲಿ. ನಾನು ಹೊಸ ಕಾಯಿದೆ ಹೇಳಿಕೊಟ್ಟೆ. ಒಂದೇ ವಾರದಲ್ಲಿ ಹಿಡಿದಳು. ಆದರೆ ರಾಜನನ್ನು ಕೋಟೆಗೆ ಸೇರಿಸಲು ಮಾತ್ರ ಯಾವಾಗಲೂ ತಡ ಮಾಡುತ್ತಿದ್ದಳು. ಹತ್ತು ನಡೆಯಾದರೂ ರಾಜ ನಡುವೆಯೇ ಕೂತಿರುತ್ತಿದ್ದ.

"ಎಷ್ಟು ಸಲ ಹೇಳ್ಬೇಕವ್ವ ನಿನಗ? ಎಂಟರೊಳಗ ಕೋಟಿ!"

"ಯಾವ ಕಡಿಗೆ ಬರ್ತಾರ ಗೊತ್ತಿಲ್ಲಲ್ರಿ ಸಾರ್ ಇನ್ನೂ."

"ಅದೆಲ್ಲ ಹಳ್ಳಿ ಆಟದಾಗ. ಇಲ್ಲಿ ನಾ ಹೇಳಿದ್ದು ಮಾಡು."

ಆಮೇಲೆ ಮಾಡಿದಳು. ಒಳ್ಳೆಯ ಮಕ್ಕಳ ತೊಂದರೆ ಇದು, ಮೇಷ್ಟ್ರು ಹೇಳಿದ್ದನ್ನು ಮಾಡಿಬಿಡುತ್ತಾರೆ.

ಆ ವರ್ಷ ಕೂಡ್ಲಿಗಿಯಲ್ಲಿ ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಗೆದ್ದಳು. ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟ. ಕೊನೆಯ ಆಟ ಗೆದ್ದರೆ ಜಿಲ್ಲಾ ತಂಡದಲ್ಲಿ ಅವಳ ಹೆಸರು. ಚೀಟಿ ಎತ್ತಿದಾಗ ಅವಳಿಗೆ ಕರಿಕಾಯಿ ಬಂತು. ಕರಿಕಾಯಿ ಎಂದರೆ ಎರಡನೆಯವರಾಗಿ ನಡೆಯುವುದು, ಮೊದಲ ಏಟು ಎದುರಿನವರದು. ಎದುರಿಗೆ ಪೇಟೆಯ ಒಬ್ಬ ಹುಡುಗಿ.

ಇಲ್ಲಿ ಒಂದು ವಿಷಯ ಮುಚ್ಚುಮರೆಯಿಲ್ಲದೆ ಹೇಳಬೇಕು. ಆಗ ನಾವು ಮೇಷ್ಟ್ರುಗಳು ಕಿಟಕಿಯ ಹೊರಗೆ ನಿಂತು ಸನ್ನೆ ಮಾಡುತ್ತಿದ್ದೆವು. ತಪ್ಪು ಎಂದು ಗೊತ್ತಿತ್ತು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು ಕನ್ನಡಕ ತೆಗೆದು ಒರೆಸುತ್ತಿದ್ದರು. ನನ್ನ ಸನ್ನೆ ಒಂದೇ. ಒಂದು ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿ. ಅಂದರೆ ಕೋಟೆ.

ಕೊಟ್ರಮ್ಮ ರಾಜನ ಮುಂದಿನ ಸಿಪಾಯಿಯನ್ನು ಒಂದು ಮನೆ, ಮಂತ್ರಿಯ ಮುಂದಿನವನನ್ನು ಎರಡು ಮನೆ ನಡೆಸಿ ಗಟ್ಟಿಯಾಗಿ ಶುರುಮಾಡಿದ್ದಳು. ಬಿಳಿಕಾಯಿಯವಳು ನಡುವಿನ ಸಿಪಾಯಿಯನ್ನು ಮುಂದೆ ನೂಕಿ, ರಾಜನ ಬದಿಯನ್ನು ಕಾಯುತ್ತಿದ್ದ ಕರಿ ಕುದುರೆಯನ್ನು ಓಡಿಸಿಬಿಟ್ಟಳು. ಅವಳ ಒಂಟೆ ದೂರದಲ್ಲಿ ಕೂತು ಓರೆಯಾಗಿ ನೋಡುತ್ತಿತ್ತು. ಏಳು ನಡೆ ಮುಗಿದಿತ್ತು. ಕೊಟ್ರಮ್ಮ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ಕಿಟಕಿ ಕಡೆ ನೋಡಿದಳು. ನಾನು ಮುಷ್ಟಿಯ ಮೇಲೆ ಮುಷ್ಟಿ ಇಟ್ಟೆ. ಅವಳು ಕದಲಲಿಲ್ಲ. ನಾನು ಇನ್ನೊಮ್ಮೆ, ಜೋರಾಗಿ, ಇಟ್ಟೆ.

ಅವಳು ಕೋಟೆ ಕಟ್ಟಿದಳು. ಮರುನಡೆಯಲ್ಲೇ ಆ ಒಂಟೆ ಓರೆಯಾಗಿ ಬಂದು ರಾಜನ ಮುಂದಿನ ಅಂಚಿನ ಸಿಪಾಯಿಯನ್ನು ಹೊಡೆದು ಚೆಕ್ ಕೊಟ್ಟಿತು. ಪುಕ್ಕಟೆ ಒಂಟೆ. ಕೊಟ್ರಮ್ಮ ತಿಂದಳು. ಹಿಂದೆಯೇ ಕುದುರೆ ಬಂತು, ಚೆಕ್. ಅದರ ಹಿಂದೆ ಮಂತ್ರಿ. ತಡೆಯಬೇಕಾದ ಕುದುರೆ ಎಲ್ಲೋ ಮೂಲೆ ಸೇರಿತ್ತು. ನಾಲ್ಕೈದು ನಡೆಯಲ್ಲಿ ರಾಜ ತನ್ನ ಕೋಟೆಯಲ್ಲೇ ಸಿಕ್ಕಿಬಿದ್ದ.

ಬಳ್ಳಾರಿಯಿಂದ ಕೂಡ್ಲಿಗಿಯವರೆಗೆ ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಹೊಸಬರಿಗೆ ನಾನು ಹೇಳುವುದು ಇದೊಂದೇ, ನಿಮ್ಮ ತಪ್ಪಿನಿಂದ ಮಗು ಸೋತಿದ್ದರೆ ಆ ಬಸ್ಸಿನಲ್ಲೇ ಹೇಳಿಬಿಡಿ, ಊರು ಬರುವ ಮೊದಲೇ. ಮುಂದಿನ ವರ್ಷಗಳಲ್ಲಿ ನಾನು ಹಾಗೆ ಮಾಡಲು ಕಲಿತೆ. ಅಂದು ಮಾಡಲಿಲ್ಲ. ಮರುದಿನ ಹೆಡ್ ಮಾಸ್ತರು "ಯಾಕ್ರಿ ಸೋತ್ಲು ಹುಡುಗಿ?" ಎಂದು ಕೇಳಿದಾಗ "ಗಾಬರಿ ಆದ್ಲು ಸಾರ್" ಎಂದೆ. ಕ್ರೀಡಾ ರಿಜಿಸ್ಟರಿನಲ್ಲೂ ಅವಳ ಹೆಸರಿನ ಮುಂದೆ "ಗಾಬರಿಯಿಂದ ಸೋಲು" ಎಂದು ಬರೆದೆ. ಸಾಲದ್ದಕ್ಕೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು, ಮಕ್ಕಳೇ, ಎಷ್ಟೇ ಬುದ್ಧಿ ಇದ್ದರೂ ಗಾಬರಿ ಆಗಬಾರದು, ನೋಡಿ ನಮ್ಮ ಕೊಟ್ರಮ್ಮ ಎಂದು ಭಾಷಣವನ್ನೂ ಮಾಡಿದೆ. ಮಕ್ಕಳಿಗೆ ಅಷ್ಟೇ ಬೇಕಿತ್ತು. ಅಂದಿನಿಂದ ಅವಳ ಹೆಸರು ಗಾಬರಿ ಕೊಟ್ರಮ್ಮ. ನಲ್ಲಿಯ ಹತ್ತಿರ ಗಾಬರಿ, ಊಟದ ಹೊತ್ತಿನಲ್ಲಿ ಗಾಬರಿ. ಗಣಿತದಲ್ಲಿ ಉತ್ತರ ಹೇಳಲು ಎದ್ದು ನಿಂತರೆ ಹಿಂದಿನ ಸಾಲಿನಿಂದ ಗಾಬರಿ. ಕೊನೆಕೊನೆಗೆ ಅವಳು ಎದ್ದು ನಿಲ್ಲುವುದನ್ನೇ ಬಿಟ್ಟಳು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಮುಂದಿನ ಜೂನ್‌ನಲ್ಲಿ ಅವಳು ಹತ್ತನೆಯ ತರಗತಿ. ನಮ್ಮ ಶಾಲೆಯಿಂದ ಆಡಲು ಅದೇ ಕೊನೆಯ ವರ್ಷ. ಹೆಸರು ಬರೆಸಲು ಕರೆದೆ.

"ನಾ ಒಲ್ಲೆ ಸಾರ್."

"ಯಾಕವ್ವ?"

"ಗಾಬರಿ ಆಕ್ಕೈತ್ರಿ ನನಗ."

ವ್ಯಂಗ್ಯವೋ ಏನೋ ಎಂದು ಮುಖ ನೋಡಿದೆ. ವ್ಯಂಗ್ಯವಿರಲಿಲ್ಲ. ಅವಳು ಅದನ್ನು ನಂಬಿದ್ದಳು. ಅದು ಕಂಡಾಗ ನನಗೆ ನಿಜವಾಗಿ ಭಯವಾಯಿತು. ಒಂದು ಆಟ ಹೋದದ್ದು ಬೇರೆ, ಹದಿನೈದು ವರ್ಷದ ಹುಡುಗಿ ತಾನು ಹೇಡಿ ಎಂದು ನಂಬಿಕೊಂಡು ಬದುಕಿಡೀ ನಡೆಯುವುದು ಬೇರೆ. ಅದನ್ನು ನಂಬಿಸಿದವನು ನಾನು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಗಿರಣಿಗೆ ಹೋದೆ, ಅವಳ ತಂದೆಯ ಮುಂದೆ ನಿಜ ಹೇಳಿಬಿಡಬೇಕು ಎಂದುಕೊಂಡು. ಕರೆಂಟು ಇರಲಿಲ್ಲ. ಚನ್ನಬಸಪ್ಪ ಹುಬ್ಬಿನವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ಕೂತಿದ್ದ. ಕೊಟ್ರಮ್ಮ ಒಳಗೆ ಚೀಲಗಳಿಗೆ ಹೆಸರಿನ ಚೀಟಿ ಕಟ್ಟುತ್ತಿದ್ದಳು.

"ಬರ್ರಿ ಪಿ.ಟಿ. ಸಾರ್. ಬರ್ರಿ, ಕುಂದರ್ರಿ. ಒಂದು ಆಟ ಆಡೋಣೇನು?"

ತಂದೆಯ ಮುಖ ನೋಡಿದ ಕೂಡಲೇ ಬಂದ ಕೆಲಸವನ್ನು ಪಕ್ಕಕ್ಕಿಟ್ಟೆ. ಆಡೋಣ ಎಂದೆ. ಕಟ್ಟೆಯ ಕಾಯಿದೆಯಲ್ಲೇ ಆಡಿದೆವು. ನಾನು ತರಬೇತಿ ಪಡೆದವನು, ಬೇಗ ಮುಗಿಸೋಣ ಎಂದು ಅವನ ರಾಜನ ಬಲಗಡೆ ಸಿಪಾಯಿಗಳನ್ನು ಓಡಿಸಿದೆ. ಚನ್ನಬಸಪ್ಪ ಆ ಕಡೆ ತಲೆಯನ್ನೇ ಹಾಕಲಿಲ್ಲ. ನಡುವಿನಲ್ಲಿ ಒಂದೊಂದೇ ಸಿಪಾಯಿಯನ್ನು ನೂಕುತ್ತ ಕೂತ. ನನ್ನ ದಂಡು ಬಾಗಿಲಿಗೆ ಬಂದಾಗ ಅವನ ರಾಜ ಒಂದೇ ನೆಗೆತಕ್ಕೆ ಎಡಗಡೆ ಹೋಗಿ ನಿಂತ. ನನ್ನ ಅಷ್ಟೂ ಸಿಪಾಯಿಗಳು ಯಾರೂ ಇಲ್ಲದ ಮನೆಯ ಮುಂದೆ ನಿಂತಿದ್ದರು. ಅಷ್ಟರಲ್ಲಿ ನಡುವಿನ ಬಾಗಿಲು ತೆರೆದು ಅವನ ಆನೆಗಳು ನನ್ನ ರಾಜನ ಮೇಲೆ ಬಂದವು. ಸೋತೆ. ಇನ್ನೊಂದು ಆಡಿದೆ. ಅದನ್ನೂ ಸೋತೆ.

"ನಿಮ್ಮ ರಾಜ ಮೊದಲ ಯಾಕ ಜಿಗಿಲಿಲ್ಲ? ನಾ ಹತ್ತಿರ ಬರೂತನಕ ಸುಮ್ನ ಇದ್ರೆಲ್ಲ," ಎಂದೆ.

"ಜಿಗಿತ ಕೈಯಾಗ ಇಟ್ಕೊಂಡಿರ್ಬೇಕ್ರಿ ಸಾರ್. ಜಿಗಿದ ಮ್ಯಾಲ ರಾಜ ಎಲ್ಲಿ ಅದಾನ ಅಂತ ಎಲ್ಲಾರಿಗೂ ಗೊತ್ತಾತು. ಜಿಗಿಯೂತನಕ ಎದುರಿನವ ಎರಡೂ ಕಡಿ ನೋಡಬೇಕು. ಅವ ಒಂದು ಕಡಿ ದಂಡು ಕಳಿಸಿದ ಮ್ಯಾಲ ನಾವು ಇನ್ನೊಂದು ಕಡಿ ಹೋಗೋದು."

"ಅಲ್ಲೀತನಕ ರಾಜಗ ಏನಾರ ಆದ್ರ?"

"ನಡುವು ಗಟ್ಟಿ ಇದ್ರ ಏನೂ ಆಗಂಗಿಲ್ರಿ. ಬದಿಗೆ ಬಡದ್ರ ನಡುವಿಗೆ ಬಡೀಬೇಕು. ನಮ್ಮ ಕೊಟ್ರಿಗೂ ಸಣ್ಣಾಕಿ ಇದ್ದಾಗಿಂದ ಅದನ್ನ ಹೇಳೀನಿ. ಈಗ ನಿಮ್ಮ ಸಾಲ್ಯಾಗ ಬ್ಯಾರೆ ಐತಂತ."

ಒಳಗಿನಿಂದ ಚೀಟಿ ಕಟ್ಟುವ ಸದ್ದು ನಿಂತಿತ್ತು. ಕೊಟ್ರಮ್ಮ ಕೇಳಿಸಿಕೊಳ್ಳುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನಾನು ಹೇಳಿದ್ದು ಇಷ್ಟೇ: "ನಿಮ್ಮ ರೀತಿನೂ ಚಲೋ ಐತಿ. ಈ ವರ್ಷ ಹಂಗ ಆಡಿಸಿ ನೋಡೋಣು." ಇಪ್ಪತ್ತು ವರ್ಷ ಗಿರಣಿ ನಡೆಸಿದ ಮನುಷ್ಯ ನನಗಿಂತ ಆಟ ಬಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ನನಗೆ ಅಂದು ದೊಡ್ಡ ಕೆಲಸವಾಗಿ ಕಂಡಿತ್ತು.

ಚನ್ನಬಸಪ್ಪ ಮಗಳನ್ನು ಕರೆದ. "ಸಾರ್ ಇಷ್ಟು ದೂರ ಬಂದಾರ. ಹೋಗವ್ವ."

"ಹೋಗ್ತೀನಿ," ಎಂದಳು ಅವಳು, ಬಾಗಿಲಲ್ಲಿ ನಿಂತು. "ಇದೊಂದು ಸಲ. ಮತ್ತ ಸೋತ್ರ ನಾ ಜಲ್ಮದಾಗ ಬೋರ್ಡ್ ಮುಟ್ಟಂಗಿಲ್ಲ. ಇಲ್ಲೂ ಮುಟ್ಟಂಗಿಲ್ಲ."

ಚನ್ನಬಸಪ್ಪನ ಕೈ ಕಲ್ಲಿನ ಪಟದ ಮೇಲೆ ಹಾಗೇ ನಿಂತಿತು. ಕರೆಂಟು ಹೋದ ಹೊತ್ತಿನಲ್ಲಿ ಅವನಿಗೆ ಇದ್ದದ್ದು ಆ ಮಗಳು, ಆ ಆಟ.

ಆ ಎರಡು ತಿಂಗಳು ನಾನು ಕಲಿಸಿದ್ದಕ್ಕಿಂತ ಕಲಿತದ್ದು ಹೆಚ್ಚು. ಕರಿಕಾಯಿ ಆಡುವವರಿಗೆ ರಾಜನ ಬದಿಯ ದಾಳಿ ಹೇಗೆ ಬರುತ್ತದೆ ಎಂದು ಮೂವರೂ ಗಿರಣಿಯಲ್ಲಿ ಕೂತು ನೋಡಿದೆವು. ಹೊಸಬರಿಗೆ ಉಪಯೋಗವಾದೀತು, ಹೇಳುತ್ತೇನೆ. ಕಾವಲು ಕುದುರೆ ರಾಜನ ಬದಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಅದನ್ನು ಓಡಿಸಿದ್ದಾರೆ ಎಂದರೆ ಆ ಬದಿಗೆ ಕೋಟೆ ಕಟ್ಟುವುದು ಕಳ್ಳನಿಗೆ ದಾರಿ ತೋರಿಸಿದ ಹಾಗೆ. ಹೆದರಿ ರಾಜನ ಮುಂದಿನ ಸಿಪಾಯಿಗಳನ್ನು ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ಎದುರಿನವನಿಗೆ ಹಿಡಿಯಲು ಹಿಡಿಕೆ ಸಿಗುತ್ತದೆ. ನಡುವಿನಲ್ಲಿ ಅವನ ಸಿಪಾಯಿಗಳ ಬುಡಕ್ಕೆ ಹೊಡೆಯುತ್ತಿರಬೇಕು, ಆಗ ಅವನಿಗೆ ದಾಳಿಗೆ ಪುರಸೊತ್ತು ಸಿಗುವುದಿಲ್ಲ. ಪುಕ್ಕಟೆ ಕಾಯಿ ಕೊಟ್ಟರೆ ತಿನ್ನುವ ಮೊದಲು ಮೂರು ನಡೆ ಆಚೆ ನೋಡಬೇಕು. ತಿಂದ ಮೇಲೆ ಸಂಕಟ ಬಂದರೆ ತಿಂದದ್ದನ್ನು ವಾಪಸ್ ಕೊಟ್ಟು ಜೀವ ಉಳಿಸಿಕೊಳ್ಳಬೇಕು. ಇದರಲ್ಲಿ ಅರ್ಧ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಕೆಂಪು ಶಾಯಿಯ ಸಾಲು ಬಿಟ್ಟು ಉಳಿದದ್ದನ್ನು ನಾನು ಓದಿರಲಿಲ್ಲ.

ಮತ್ತೆ ಬಳ್ಳಾರಿ. ಮತ್ತೆ ಆಯ್ಕೆಯ ಕೊನೆಯ ಆಟ. ಚೀಟಿಯಲ್ಲಿ ಮತ್ತೆ ಕರಿಕಾಯಿ. ಎದುರಿಗೆ ಬೇರೆ ಹುಡುಗಿ, ಹಗರಿಬೊಮ್ಮನಹಳ್ಳಿಯ ಕಡೆಯವಳು, ಬಹಳ ಬಿರುಸಿನ ಆಟಗಾತಿ. ಪಕ್ಕದಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಗುಂಡಿ ಒತ್ತುವ ಸದ್ದು ನನಗೆ ಕಿಟಕಿಯ ಹೊರಗೂ ಕೇಳಿಸುತ್ತಿತ್ತು.

ಶುರು ಹಿಂದಿನ ವರ್ಷದಂತೆಯೇ ಆಯಿತು. ನಡುವಿನ ಬಿಳಿ ಸಿಪಾಯಿ ಮುಂದೆ ಬಂತು, ಕಾವಲು ಕುದುರೆ ಹಿಂದೆ ಸರಿಯಿತು, ಬಿಳಿ ಒಂಟೆ ಅದೇ ಓರೆಯಲ್ಲಿ ಬಂದು ಕೂತಿತು. ಆರು ನಡೆ, ಏಳು, ಎಂಟು. ಕೊಟ್ರಮ್ಮನ ರಾಜ ನಡುವೆಯೇ ಇದ್ದ. ಬಿಳಿಯವಳು ಬಲಗಡೆ ಅಂಚಿನ ಸಿಪಾಯಿಯನ್ನು ಎರಡು ಮನೆ ಓಡಿಸಿದಳು, ಆಮೇಲೆ ಅದರ ಪಕ್ಕದವನನ್ನು. ಒಂಬತ್ತು. ಹತ್ತು. ನಡುವಿನಲ್ಲಿ ಕಾಯಿಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತಿದ್ದವು. ಇವಳು ಸೋತರೆ ಗಿರಣಿಯಲ್ಲೂ ಆಟ ನಿಂತೀತು, ಆ ಹೆಸರು ಸಾಯುವವರೆಗೂ ಅಂಟೀತು ಎಂಬುದೊಂದೇ ತಲೆಯಲ್ಲಿತ್ತು. ಅವಳು ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು.

ಎರಡು ತಿಂಗಳು ಗಿರಣಿಯಲ್ಲಿ ಕೂತು ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ನನ್ನ ಕೈಗಳು ತಾವಾಗಿಯೇ ಎದ್ದವು. ಮುಷ್ಟಿಯ ಮೇಲೆ ಮುಷ್ಟಿ.

ಕೊಟ್ರಮ್ಮ ನೋಡಿದಳು. ನೋಡಿದ್ದು ನನಗೆ ಖಾತ್ರಿ. ನೋಡಿ, ಮುಖ ತಿರುಗಿಸಿ, ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡು ಕಿಟಕಿಗೆ ಬೆನ್ನು ಹಾಕಿ ಕೂತಳು. ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಆ ಕೋಣೆಯಲ್ಲೂ ಹೊರಗೂ ಗಾಬರಿಯಾಗಿದ್ದವನು ಒಬ್ಬನೇ, ಅದು ನಾನು. ಹಿಂದಿನ ವರ್ಷವೂ ಹಾಗೇ ಇತ್ತು.

ಮುಂದಿನದು ದೊಡ್ಡ ಕಥೆಯಲ್ಲ. ಬಿಳಿಯ ಸಿಪಾಯಿಗಳು ಬಲಗಡೆ ಬಹಳ ಮುಂದೆ ಹೋದ ಮೇಲೆ ಕೊಟ್ರಮ್ಮ ಎಡಗಡೆಗೆ ಕೋಟೆ ಕಟ್ಟಿದಳು. ಬಿಳಿಯವಳು ಒಂದು ನಿಮಿಷ ಪಟವನ್ನೇ ನೋಡುತ್ತ ಕೂತಳು. ದಂಡು ಕಳಿಸಿದ ಮನೆ ಖಾಲಿಯಾಗಿತ್ತು. ಅವಳ ಸ್ವಂತ ರಾಜನಿಗೆ ಕೋಟೆ ಕಟ್ಟಲು ಗೋಡೆ ಉಳಿದಿರಲಿಲ್ಲ, ಗೋಡೆಯವರೆಲ್ಲ ಓಡಿಹೋಗಿದ್ದರು. ಕೊಟ್ರಮ್ಮ ನಡುವಿನ ಕೊನೆಯ ಬಿಳಿ ಸಿಪಾಯಿಯನ್ನು ತನ್ನ ಸಿಪಾಯಿಯಿಂದ ಕೆಣಕಿ ಒಡೆದಳು. ಆಮೇಲೆ ಆನೆಗಳಿಗೆ ದಾರಿ ಸಿಕ್ಕಿತು. ಊಟದ ಗಂಟೆ ಹೊಡೆಯುವ ಮೊದಲು ಆಟ ಮುಗಿಯಿತು. ಎದುರಿನ ಹುಡುಗಿ ಕೈ ಕೊಟ್ಟು ಎದ್ದಳು. ಕೊಟ್ರಮ್ಮ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಕೂತು ಬಿದ್ದ ಕಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದಳು.

ಜಿಲ್ಲಾ ತಂಡಕ್ಕೆ ನಮ್ಮ ಶಾಲೆಯ ಮೊದಲ ಹುಡುಗಿ. ಸೋಮವಾರ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರು ಉಬ್ಬಿಹೋಗಿದ್ದರು. ನಮ್ಮ ದೈಹಿಕ ಶಿಕ್ಷಕರ ತರಬೇತಿ, ಅವರ ಪರಿಶ್ರಮ ಎಂದು ನನ್ನನ್ನೇ ಹೊಗಳಿ ಎರಡು ಮಾತಾಡಲು ಕರೆದರು. ಹೋಗಿ ನಿಂತೆ. ಮುಂದಿನ ಸಾಲಿನಲ್ಲಿ ಕೊಟ್ರಮ್ಮ ನೆಲ ನೋಡುತ್ತಿದ್ದಳು.

"ಹೋದ ವರ್ಷ ನಾನು ಇಲ್ಲೇ ನಿಂತು ಕೊಟ್ರಮ್ಮ ಗಾಬರಿ ಆಗಿ ಸೋತ್ಲು ಅಂತ ಹೇಳಿದ್ದೆ. ಅದು ಸುಳ್ಳು. ಆಕಿ ಗಾಬರಿ ಆಗಿರ್ಲಿಲ್ಲ. ನಾ ಕಿಟಕಿಯಿಂದ ತಪ್ಪು ಸನ್ನಿ ಮಾಡಿದೆ, ನನ್ನ ಮಾತು ಕೇಳಿ ಆಕಿ ಸೋತ್ಲು. ಈ ವರ್ಷನೂ ಅದೇ ಸನ್ನಿ ಮಾಡಿದೆ. ಆಕಿ ಕೇಳ್ಲಿಲ್ಲ, ಗೆದ್ಲು. ಆಕಿ ಆಡಿದ್ದು ಅವರಪ್ಪ ಕಲಿಸಿದ ಆಟ. ಇನ್ನ ಮ್ಯಾಲ ಆ ಹೆಸರಿಂದ ಯಾರಾರ ಕರದ್ರ ನನ್ನನ್ನ ಕರೀರಿ."

ಮಕ್ಕಳು ನಗಲಿಲ್ಲ. ಸನ್ನೆಯ ಮಾತು ಕೇಳಿ ಹೆಡ್ ಮಾಸ್ತರ ಮುಖ ಕಪ್ಪಿಟ್ಟಿತು. ಆಮೇಲೆ ಕೋಣೆಗೆ ಕರೆದು "ಇದನ್ನೆಲ್ಲ ಮೈಕಿನಾಗ ಹೇಳೋದೇನ್ರಿ?" ಎಂದು ಚೆನ್ನಾಗಿ ಬೈದರು. ಬೈಸಿಕೊಂಡೆ. ರಿಜಿಸ್ಟರು ತೆಗೆದು ಹಿಂದಿನ ವರ್ಷದ ಸಾಲನ್ನು ಹೊಡೆದುಹಾಕಿ "ಶಿಕ್ಷಕರ ತಪ್ಪಿನಿಂದ ಸೋಲು" ಎಂದು ಬರೆದು ಸಹಿ ಮಾಡಿದೆ. ಎದೆ ಹಗುರವಾಗಿತ್ತು. ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಗಿತ್ತು, ಎ‌ಷ್ಟು ಮೇಷ್ಟ್ರುಗಳು ಹೀಗೆ ಎಲ್ಲರ ಮುಂದೆ ಒಪ್ಪಿಕೊಂಡಾರು ಎಂದು.

ಸಂಜೆ ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ಹೊಡೆಯುತ್ತ ಕೂತಿದ್ದೆ. ಕೊಟ್ರಮ್ಮ ಚೆಸ್ ಡಬ್ಬಿ ವಾಪಸ್ ಕೊಡಲು ಬಂದಳು. ಕೊಟ್ಟ ಮೇಲೂ ಹೋಗಲಿಲ್ಲ.

"ಸಾರ್, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವ."

"ಈ ಸಲನೂ ನಾ ಸೋತು ಬಂದಿದ್ರ, ಇವತ್ತು ಹೇಳಿದ್ದು ಹೇಳ್ತಿದ್ರೇನ್ರಿ?"

ಹೇಳ್ತಿದ್ದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಇಲ್ಲವೋ, ತಲೆ ಆಡಿಸಿ ಹೋಗುತ್ತಿದ್ದಳು. ಆದರೆ ಗಿರಣಿಯಲ್ಲಿ ಅವಳ ತಂದೆಯ ಎದುರು ಕೂತು ಬಾಯಿ ಮುಚ್ಚಿಕೊಂಡದ್ದು ನನಗೆ ಗೊತ್ತಿತ್ತು.

"ಇಲ್ಲವ್ವ," ಎಂದೆ. "ಹೇಳ್ತಿದ್ದಿಲ್ಲ."

ಅವಳು ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ.

"ನನಗೂ ಹಂಗ ಅನಿಸಿತ್ರಿ ಸಾರ್," ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಗಿರಣಿಯ ಕಡೆ ನಡೆದಳು.